‘ಲಂಬಾಡಾ’ ಯಾರ ಹಾಡು? ಬ್ರೆಜಿಲ್ ಜಾನಪದ ಅಂದುಕೊಂಡೇ ಇಷ್ಟು ವರ್ಷ ನುಡಿಸಿದೆ

ಹಳೇಕ್ಯಾಸೆಟ್

ಒಂದು ವಾರದಿಂದ ತಲೆ ಕೊರೆಯುತ್ತಿದೆ, ಗೊತ್ತಿದ್ದವರು ಬಿಡಿಸಿ ಹೇಳಿ. ‘ಲಂಬಾಡಾ’ ಹಾಡು ನೆನಪಿದೆಯಲ್ವಾ? 1989ರಲ್ಲಿ ಬಂದದ್ದು, ಕಾವೋಮಾ ಅನ್ನುವ ತಂಡದ್ದು. ನಾನು ಆಗ ಒಂದು ವಾದ್ಯಗೋಷ್ಠಿಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಗಣೇಶನ ಹಬ್ಬ ಇರಲಿ, ಆರತಕ್ಷತೆ ಇರಲಿ, ರಾತ್ರಿ ಹತ್ತು ದಾಟಿ ಜನ ತೂಕಡಿಸಲು ಶುರು ಮಾಡಿದರೆ ನಮ್ಮ ಹತ್ತಿರ ಇದ್ದ ಮದ್ದು ಇದೊಂದೇ. ಅಕಾರ್ಡಿಯನ್ ಶಬ್ದ ಇಟ್ಟುಕೊಂಡು ಆ ಮೊದಲ ಸಾಲು ನುಡಿಸಿದರೆ ಸಾಕು, ಹಿಂದಿನ ಸಾಲಿನ ಹುಡುಗರು ಕುರ್ಚಿ ಬಿಟ್ಟು ಎದ್ದೇಳುತ್ತಿದ್ದರು. ಭಾಷೆ ಯಾವುದು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಹಾಡುವ ಹುಡುಗಿ ಬಾಯಿಗೆ ಬಂದ ಅಕ್ಷರ ಸೇರಿಸಿ ಹಾಡುತ್ತಿದ್ದಳು, ಯಾರೂ ಕೇಳುತ್ತಿರಲಿಲ್ಲ. ಕ್ಯಾಸೆಟ್ ಅಂಗಡಿಯವನು ಅದರ ಮೇಲೆ ಪೆನ್ನಲ್ಲಿ ‘ಬ್ರೆಜಿಲ್ ಜಾನಪದ’ ಅಂತ ಬರೆದುಕೊಟ್ಟಿದ್ದ, ನಾನೂ ಅದನ್ನೇ ನಂಬಿಕೊಂಡಿದ್ದೆ.

ಮೊನ್ನೆ ಮೊಬೈಲ್‌ನಲ್ಲಿ ಏನೋ ಕೇಳುತ್ತಿದ್ದಾಗ ತಾನಾಗಿ ಇನ್ನೊಂದು ಹಾಡು ಶುರುವಾಯಿತು. ಅದೇ ಟ್ಯೂನ್! ಆದರೆ ಅಕಾರ್ಡಿಯನ್ ಇಲ್ಲ. ಊದುವ ಕೊಳವೆಗಳು, ಚಿಕ್ಕದೊಂದು ತಂತಿ ವಾದ್ಯ, ಗಂಡಸರ ದನಿ, ನಿಧಾನ ನಡೆ. ಕೆಳಗೆ 1981 ಅಂತ ಇದೆ. ಹಾಗಾದರೆ ಮೊದಲು ಬಂದದ್ದು ಯಾವುದು? ಇದು ಜಾನಪದ ಹೌದೋ ಅಲ್ಲವೋ?

ಬೆಟ್ಟದಕೊಳಲು

ನೀವು ಕೇಳಿದ್ದೇ ಮೂಲ. ಹಾಡಿನ ಹೆಸರು ‘ಯೊರಾಂದೊ ಸೆ ಫುಯೆ’, ಅಂದರೆ ‘ಅಳುತ್ತಾ ಹೋದಳು’. ಹಾಡಿದ್ದು ಬೊಲಿವಿಯಾದ ಲೊಸ್ ಕಾರ್ಕಾಸ್ ತಂಡ, ಕೊಚಬಾಂಬಾ ಕಡೆಯವರು. ಬರೆದವರು ಇಬ್ಬರು ಅಣ್ಣತಮ್ಮಂದಿರು, ಗೊನ್ಸಾಲೊ ಎರ್ಮೋಸಾ ಮತ್ತು ಉಲೀಸೆಸ್ ಎರ್ಮೋಸಾ. ಬ್ರೆಜಿಲ್ ಅಲ್ಲ, ಜಾನಪದವೂ ಅಲ್ಲ. ಹೆಸರಿರುವ ಮನುಷ್ಯರು ಕೂತು ಕಟ್ಟಿದ ಹಾಡು.

ಆ ತಂತಿ ವಾದ್ಯ ಚರಾಂಗೊ. ಹತ್ತು ತಂತಿ, ಎರಡೆರಡರಂತೆ ಐದು ಜೋಡಿ. ಹಿಂದೆ ಅದರ ಬೆನ್ನಿಗೆ ಆರ್ಮಡಿಲೋ ಅನ್ನುವ ಪ್ರಾಣಿಯ ಚಿಪ್ಪು ಹಾಕುತ್ತಿದ್ದರು, ಈಗ ಮರದಲ್ಲೇ ಮಾಡುತ್ತಾರೆ. ಊದುವುದು ಸಂಪೋನ್ಯಾ, ಬಿದಿರಿನಂಥ ಕೊಳವೆಗಳನ್ನು ಸಾಲಾಗಿ ಕಟ್ಟಿದ್ದು. ನಿಮ್ಮ ಅಕಾರ್ಡಿಯನ್ ಸಾಲಿದೆಯಲ್ಲ, ಅದು ಹುಟ್ಟಿದ್ದು ಈ ಕೊಳವೆಗಳ ಬಾಯಲ್ಲಿ. ಒಮ್ಮೆ ಕಣ್ಣು ಮುಚ್ಚಿಕೊಂಡು ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ಗೊತ್ತಾಗುತ್ತೆ.

ತರ್ಲೆತಮ್ಮಯ್ಯ

ಅಯ್ಯೋ, ನಾನು ಚಿಕ್ಕವನಿದ್ದಾಗ ಇದನ್ನು ಲಂಬಾಣಿ ಹಾಡು ಅಂದುಕೊಂಡಿದ್ದೆ. ಸುಳ್ಳಲ್ಲ. ಹೆಸರೂ ಹಾಗೇ ಇತ್ತು, ವಿಡಿಯೋದಲ್ಲಿ ಗಿರ್ರನೆ ತಿರುಗುವ ಲಂಗಗಳೂ ಇದ್ದವು. ನನ್ನ ಕ್ಲಾಸಿನಲ್ಲಿದ್ದ ತಾಂಡಾದ ಹುಡುಗನನ್ನು ಹಿಡಿದು, ಇದರ ಅರ್ಥ ಹೇಳೋ ಅಂತ ಪೀಡಿಸಿದ್ದೆ. ಅವನೂ ಏನು ಕಡಿಮೆ ಇಲ್ಲ, ಪೂರ್ತಿ ಅರ್ಥ ಹೇಳಿದ್ದ!

ಗೆಜ್ಜೆಕಾಲು

ತಮ್ಮಯ್ಯ, ನೀವೊಬ್ಬರೇ ಅಲ್ಲ ಬಿಡಿ. ಆದರೆ ಆ ಪದಕ್ಕೂ ನಮ್ಮ ಲಂಬಾಣಿಗರಿಗೂ ಸಂಬಂಧ ಇಲ್ಲ. ಪೋರ್ಚುಗೀಸ್‌ನಲ್ಲಿ ಲಂಬಾಡಾ ಅಂದರೆ ಬೀಸಿ ಹೊಡೆದ ಏಟು, ಚಾಟಿ ಏಟಿನ ಹಾಗೆ.

ನಾನು ಕುಣಿತ ಕಲಿಸುವವಳು, ಹಾಗಾಗಿ ಬೆಟ್ಟದಕೊಳಲು ಅವರು ಬ್ರೆಜಿಲ್ ಅನ್ನು ಒಂದೇ ಮಾತಲ್ಲಿ ಹೊರಗೆ ಹಾಕಿದ್ದಕ್ಕೆ ನನ್ನದೊಂದು ತಕರಾರಿದೆ. ಟ್ಯೂನ್ ಬೊಲಿವಿಯಾದ್ದು, ಒಪ್ಪಿದೆ. ಕುಣಿತ ಬ್ರೆಜಿಲಿನದೇ. ಉತ್ತರ ಬ್ರೆಜಿಲ್‌ನಲ್ಲಿ ಪಾರಾ ಅಂತ ರಾಜ್ಯ ಇದೆ, ಅಮೆಜಾನ್ ನದಿ ಸಮುದ್ರ ಸೇರುವ ಕಡೆ. ಅಲ್ಲಿನ ಹಳೇ ಕುಣಿತ ಕರಿಂಬೊ. ಮರದ ದಿಮ್ಮಿ ಕೊರೆದು, ಒಂದು ಬದಿಗೆ ಚರ್ಮ ಬಿಗಿದು ಮಾಡಿದ ಡೋಲು, ಬಾರಿಸುವವನು ಅದರ ಮೇಲೇ ಕುದುರೆ ಹತ್ತಿದ ಹಾಗೆ ಕೂರುತ್ತಾನೆ. ಪಾರಾದ ಬೆಲೇಂ ಬಂದರು ಊರು. ಕೆರಿಬಿಯನ್ ದ್ವೀಪಗಳ ರೇಡಿಯೋ ಅಲ್ಲಿಗೆ ಸಿಗುತ್ತಿತ್ತು, ಮೆರೆಂಗೆ, ಕುಂಬಿಯಾ ಅನ್ನುವ ಆ ಕಡೆಯ ಕುಣಿತದ ಹಾಡುಗಳೆಲ್ಲ ಕಿವಿಗೆ ಬೀಳುತ್ತಿದ್ದವು. ಕರಿಂಬೊಗೆ ಇವು ಬೆರೆತವು, ಎಲೆಕ್ಟ್ರಿಕ್ ಗಿಟಾರ್ ಬಂತು. ಪಿಂಡೂಕಾ ಅನ್ನುವ ಗಾಯಕ 1976ರಲ್ಲೇ ಲಂಬಾಡಾ ಅನ್ನುವ ಹೆಸರಿಟ್ಟು ಹಾಡು ಮಾಡಿದ. 1978ರಲ್ಲಿ ಮೆಸ್ತ್ರೆ ವಿಯೇರಾ ಅನ್ನುವ ಗಿಟಾರ್ ವಾದಕ ಲಂಬಾಡಾದ್ದೇ ಒಂದು ಡಿಸ್ಕ್ ತಂದ. ಅಂದರೆ ಕಾವೋಮಾಗಿಂತ ಹತ್ತು ವರ್ಷ ಮೊದಲೇ ಹೆಸರೂ ಇತ್ತು, ತಾಳವೂ ಇತ್ತು.

ಅದು ದಕ್ಷಿಣಕ್ಕೆ ಇಳಿದು ಬಹಿಯಾ ರಾಜ್ಯದ ಪೋರ್ತೊ ಸೆಗೂರೊ ಅನ್ನುವ ಕಡಲೂರಿಗೆ ಬಂತು. ಅಲ್ಲಿ ಪ್ರವಾಸಿಗರು ಜಾಸ್ತಿ. ರಾತ್ರಿಯೆಲ್ಲ ಲಂಬಾಡಾ ಕುಣಿಯುವುದಕ್ಕೇ ಅಂತ ಜಾಗಗಳು ಹುಟ್ಟಿಕೊಂಡವು, ಅವಕ್ಕೆ ಲಂಬಾತೆರಿಯಾ ಅಂತ ಹೆಸರು. ಜೋಡಿ ಕುಣಿತ, ಮಂಡಿ ಸ್ವಲ್ಪ ಬಗ್ಗಿರುತ್ತೆ, ಸೊಂಟ ಅಕ್ಕಪಕ್ಕ ತೂಗುತ್ತೆ, ಭುಜ ಅಲ್ಲಾಡಬಾರದು. ಭುಜ ಅಲ್ಲಾಡಬಾರದು ಅಂತ ಕಲಿಸುವುದೇ ಕಷ್ಟ.

ಹಳೇಕ್ಯಾಸೆಟ್

ಅಬ್ಬಾ. ಹಾಗಾದರೆ ಬೊಲಿವಿಯಾದ ಟ್ಯೂನು ಬ್ರೆಜಿಲಿನ ಕುಣಿತಕ್ಕೆ ಸೇರಿದ್ದು ಹೇಗೆ? ಮತ್ತೆ ಈ ಕಾವೋಮಾ ಯಾರು? ಎಲ್ಲೋ ಫ್ರಾನ್ಸಿನವರು ಅಂತ ಓದಿದ ನೆನಪು.

ಬೆಟ್ಟದಕೊಳಲು

ಗೆಜ್ಜೆಕಾಲು ಮೇಡಂ ಹೇಳಿದ್ದು ಸರಿ, ಕುಣಿತದ ವಿಷಯದಲ್ಲಿ ನಾನು ಅವಸರ ಮಾಡಿದೆ.

ಟ್ಯೂನ್ ನಡೆದ ದಾರಿ ಇದು. 1984ರಲ್ಲಿ ಪೆರುವಿನ ಕ್ವಾರ್ತೆತೊ ಕೊಂತಿನೆಂತಾಲ್ ಅನ್ನುವ ತಂಡ ಇದನ್ನು ಕುಂಬಿಯಾ ನಡೆಗೆ ತಂದು ವೇಗ ಹೆಚ್ಚಿಸಿತು. ಅಕಾರ್ಡಿಯನ್ ಹಾಕಿದ್ದು ಅವರೇ. ಅಂದರೆ ನೀವು ವಾದ್ಯಗೋಷ್ಠಿಯಲ್ಲಿ ನುಡಿಸುತ್ತಿದ್ದ ಆ ಸಾಲಿನ ರುಚಿ ಪೆರುವಿನದು! ಆಮೇಲೆ 1986ರಲ್ಲಿ ಬ್ರೆಜಿಲಿನ ಮಾರ್ಸಿಯಾ ಫೆರೇರಾ ಅನ್ನುವ ಗಾಯಕಿ ಪೋರ್ಚುಗೀಸ್ ಮಾತು ಹಾಕಿ, ಲಂಬಾಡಾ ತಾಳದಲ್ಲಿ ಹಾಡಿದರು. ಆಕೆ ಒಪ್ಪಿಗೆ ಪಡೆದೇ ಹಾಡಿದ್ದು, ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಪೋರ್ತೊ ಸೆಗೂರೊದಲ್ಲಿ ಜನ ಕುಣಿಯುತ್ತಿದ್ದದ್ದು ಇಂಥ ಹಾಡುಗಳಿಗೆ.

ಅಲ್ಲಿಗೆ ಒಲಿವಿಯೆ ಲೋರ್ಸಾಕ್ ಅನ್ನುವ ಫ್ರೆಂಚ್ ನಿರ್ಮಾಪಕ ಹೋಗಿದ್ದ. ನೋಡಿ ಬೆರಗಾದ. ಜೊತೆಗಾರ ಜಾನ್ ಕರಾಕೋಸ್, ಪ್ಯಾರಿಸ್‌ನಲ್ಲಿ ಸೆಲ್ಯುಲಾಯ್ಡ್ ಅನ್ನುವ ರೆಕಾರ್ಡ್ ಕಂಪನಿ ನಡೆಸಿದ ಆಸಾಮಿ. ಇಬ್ಬರೂ ಸೇರಿ ಲಂಬಾಡಾ ಹಾಡುಗಳ ಹಕ್ಕುಗಳನ್ನು ಗುಡ್ಡೆ ಹಾಕಿ ಕೊಂಡರು, ತಂಡ ಒಂದನ್ನು ಕಟ್ಟಿದರು. ಅದೇ ಕಾವೋಮಾ. ವಾದ್ಯದವರಲ್ಲಿ ಹೆಚ್ಚಿನವರು ತೂರೆ ಕುಂದಾ ಜೊತೆ ನುಡಿಸಿದವರು, ಅದು ಪ್ಯಾರಿಸ್‌ನಲ್ಲಿ ನೆಲೆಸಿದ್ದ ಸೆನೆಗಲ್ ಮೂಲದ ತಂಡ. ಬಾಸ್ ಗಿಟಾರ್‌ನವನು ಮಾರ್ಟಿನಿಕ್ ದ್ವೀಪದವನು. ಹಾಡಿದವರು ಬ್ರೆಜಿಲಿನ ಲೊಆಲ್ವಾ ಬ್ರಾಸ್. ಬೊಲಿವಿಯಾ, ಪೆರು, ಬ್ರೆಜಿಲ್, ಸೆನೆಗಲ್, ಕೆರಿಬಿಯನ್, ಫ್ರಾನ್ಸ್ ಎಲ್ಲ ಒಂದೇ ಹಾಡಿನೊಳಗೆ. ಹೆಸರು ಮಾತ್ರ ಒಬ್ಬನದೇ ಇತ್ತು, ಅದೂ ಸುಳ್ಳು ಹೆಸರು.

ಬೆಂಚ್‌ಕೊನೆ

ಸುಳ್ಳು ಹೆಸರಾ? ಅದೇನು?

ರಾಯಲ್ಟಿರಗಳೆ

ಇದು ನನ್ನ ಇಲಾಖೆ. ಹಕ್ಕುಸ್ವಾಮ್ಯದ ಕೆಲಸವೇ ನನ್ನ ಹೊಟ್ಟೆಪಾಡು.

1989ರ ಡಿಸ್ಕ್ ಮೇಲೆ ಬರೆದವರು ಅಂತ ಇದ್ದ ಹೆಸರು ಶಿಕೊ ದ ಒಲಿವೇರಾ. ಕೇಳಲು ಅಪ್ಪಟ ಬ್ರೆಜಿಲ್ ಹೆಸರು. ಆದರೆ ಅದು ಲೋರ್ಸಾಕ್ ಇಟ್ಟುಕೊಂಡ ಗುಪ್ತನಾಮ. ಎರ್ಮೋಸಾ ಸಹೋದರರ ಹೆಸರಿಲ್ಲ, ಪೋರ್ಚುಗೀಸ್ ಮಾತು ಬರೆದವರ ಹೆಸರೂ ಇಲ್ಲ. ಮಾರ್ಸಿಯಾ ಫೆರೇರಾ ಹಾಡಿದ್ದ ಮಾತುಗಳನ್ನೇ ಎತ್ತಿಕೊಂಡಿದ್ದರು.

ಎರ್ಮೋಸಾ ಸಹೋದರರು ಮಾತ್ರ ಒಂದು ಜಾಣತನ ಮಾಡಿದ್ದರು. 1985ರಲ್ಲೇ ಈ ಹಾಡನ್ನು ಜರ್ಮನಿಯ ಗೇಮಾ ಅನ್ನುವ ಸಂಸ್ಥೆಯಲ್ಲಿ ನೋಂದಾಯಿಸಿದ್ದರು. ಹಾಡು ಬರೆದವರ ಪರವಾಗಿ ಹಣ ವಸೂಲಿ ಮಾಡಿ ಕೊಡುವ ಸಂಸ್ಥೆ ಅದು. ಬೊಲಿವಿಯಾದವರು ಜರ್ಮನಿಯಲ್ಲಿ ಯಾಕೆ ನೋಂದಾಯಿಸಬೇಕು ಅಂತ ಆಗ ಯಾರಾದರೂ ನಕ್ಕಿರಬಹುದು. ನಾಲ್ಕು ವರ್ಷ ಆದಮೇಲೆ ಅದೇ ಜರ್ಮನಿಯಲ್ಲಿ ಹಾಡು ಒಂದನೇ ಸ್ಥಾನಕ್ಕೆ ಬಂತು! ಕಾಗದ ಕೈಯಲ್ಲಿತ್ತು. ಕಾನೂನು ದಾರಿ ಹಿಡಿದರು, ಹಣವೂ ಬಂತು, ಹೆಸರೂ ಬಂತು. ಈಗ ಎಲ್ಲಿ ನೋಡಿದರೂ ಬರೆದವರ ಜಾಗದಲ್ಲಿ ಅವರ ಹೆಸರಿದೆ. ಪಾಪ, ತಮ್ಮ ಉಲೀಸೆಸ್ 1992ರಲ್ಲೇ ಕ್ಯಾನ್ಸರ್‌ನಿಂದ ತೀರಿಕೊಂಡರು.

ಒಂದು ಮಾತು ಸೇರಿಸುತ್ತೇನೆ. ‘ಜಾನಪದ’ ಅನ್ನುವ ಪದ ಇದೆಯಲ್ಲ, ನಮ್ಮ ವ್ಯವಹಾರದಲ್ಲಿ ಅದು ಬಹಳ ಅನುಕೂಲದ ಪದ. ಎಲ್ಲರದ್ದು ಅಂದುಬಿಟ್ಟರೆ ಯಾರಿಗೂ ಕಾಸು ಕೊಡಬೇಕಿಲ್ಲ.

ಕರಿಹಲಗೆ

ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೈಯಬೇಡಿ. ಕದ್ದರು, ಸರಿ. ಆದರೆ ಆ ಫ್ರೆಂಚರು ಕದಿಯದೇ ಇದ್ದಿದ್ದರೆ ಹಳೇಕ್ಯಾಸೆಟ್ ಅವರು ಗಣೇಶನ ಪೆಂಡಾಲಿನಲ್ಲಿ ಇದನ್ನು ನುಡಿಸುತ್ತಿದ್ದರಾ? ಎರ್ಮೋಸಾ ಸಹೋದರರ ಹೆಸರು ನಾವಿಲ್ಲಿ ಕನ್ನಡದಲ್ಲಿ ಟೈಪ್ ಮಾಡುತ್ತಿದ್ದೆವಾ? ಹಾಡು ಅಂದರೆ ನೀರಿದ್ದ ಹಾಗೆ, ಇಳಿಜಾರು ಕಂಡ ಕಡೆ ಹರಿಯುತ್ತೆ. ನಮ್ಮ ಹಳ್ಳಿಗಳಲ್ಲಿ ಸೋಬಾನೆ ಪದ ಹಾಡುವ ಹೆಂಗಸರು ಪಕ್ಕದೂರಿನ ಪದ ಕಲಿತು ತಮ್ಮ ಊರಿನ ಹೆಸರು ಸೇರಿಸಿ ಹಾಡುತ್ತಾರೆ. ಅದನ್ನು ಯಾರೂ ಕಳ್ಳತನ ಅನ್ನಲ್ಲ.

ರಾಯಲ್ಟಿರಗಳೆ

ಸೋಬಾನೆ ಹಾಡುವ ಅಜ್ಜಿ ‘ಈ ಪದ ನಾನೇ ಕಟ್ಟಿದ್ದು, ಹಾಡಿದರೆ ನನಗೆ ದುಡ್ಡು ಕೊಡಿ’ ಅಂತ ಸುಳ್ಳು ಹೆಸರಲ್ಲಿ ಅರ್ಜಿ ಹಾಕಿದ್ದಾಳಾ ಸರ್? ಹಾಡು ಹರಿಯಲಿ, ಬೇಡ ಅಂದವರಾರು. ಹರಿಯುವ ನೀರಿಗೆ ಅಡ್ಡ ಕಟ್ಟೆ ಹಾಕಿ, ಇದು ನಮ್ಮ ಬಾವಿ ಅಂತ ಬೋರ್ಡ್ ಹಾಕಿದ್ದೇ ಇಲ್ಲಿನ ಜಗಳ.

ಮತ್ತೆ, ಕದಿಯದಿದ್ದರೆ ಗೆಲ್ಲುತ್ತಿರಲಿಲ್ಲ ಅನ್ನುವುದೂ ಸರಿಯಲ್ಲ. ಮಾರ್ಸಿಯಾ ಫೆರೇರಾ ಒಪ್ಪಿಗೆ ಪಡೆದು ಹಾಡಿದರು ಅಂತ ಮೇಲೆ ಬಂತಲ್ಲ. 2011ರಲ್ಲಿ ಜೆನಿಫರ್ ಲೋಪೆಜ್ ‘ಆನ್ ದ ಫ್ಲೋರ್’ ಅಂತ ಹಾಡಿದಾಗ ಇದೇ ಟ್ಯೂನ್ ಬಳಸಿದರು, ಎರ್ಮೋಸಾ ಸಹೋದರರ ಹೆಸರು ಹಾಕಿಯೇ ಬಳಸಿದರು. ಅದೂ ಲೋಕವೆಲ್ಲ ಸುತ್ತಿತು. ಹೆಸರು ಹಾಕಿದ್ದಕ್ಕೆ ಕುಣಿಯುವವರ ಕಾಲೇನೂ ನಿಲ್ಲಲಿಲ್ಲ.

ಗೆಜ್ಜೆಕಾಲು

1989ರಲ್ಲಿ ಹಾಡು ಗೆದ್ದದ್ದು ಬರೀ ಟ್ಯೂನಿನಿಂದಲೂ ಅಲ್ಲ. ಫ್ರಾನ್ಸಿನಲ್ಲಿ ಟಿಎಫ್1 ಅನ್ನುವ ದೊಡ್ಡ ಚಾನೆಲ್ ಬೇಸಿಗೆ ಪೂರ್ತಿ ಇದನ್ನು ದಿನಾ ಹಾಕಿತು, ಒರಾಂಜಿನಾ ಅನ್ನುವ ಕಿತ್ತಳೆ ಪಾನೀಯದ ಕಂಪನಿ ಜೊತೆಗೆ ನಿಂತಿತು. ‘ಬೇಸಿಗೆಯ ಹಾಡು’ ಅಂತ ಒಂದನ್ನು ಆರಿಸಿ ತಲೆಗೆ ತುಂಬುವ ಪದ್ಧತಿ ಆ ಚಾನೆಲ್‌ನಲ್ಲಿ ಜೋರಾಗಿ ಶುರುವಾದದ್ದೇ ಇದರಿಂದ. ಫ್ರಾನ್ಸಿನಲ್ಲಿ ಹನ್ನೆರಡು ವಾರ ಒಂದನೇ ಸ್ಥಾನದಲ್ಲಿ ಕೂತಿತ್ತು. ಬ್ರಿಟನ್‌ನಲ್ಲಿ ನಾಲ್ಕನೇ ಸ್ಥಾನ. ಅಮೆರಿಕದಲ್ಲಿ ಮಾತ್ರ 46ಕ್ಕೆ ನಿಂತುಬಿಟ್ಟಿತು. ಆದರೂ 1990ರ ಮಾರ್ಚ್ 16ರಂದು ಅಲ್ಲಿ ಒಂದೇ ದಿನ ಎರಡು ಲಂಬಾಡಾ ಸಿನಿಮಾ ಬಿಡುಗಡೆ ಆದವು, ಒಂದನ್ನೊಂದು ಸೋಲಿಸಲು. ಎರಡೂ ಸೋತವು.

ವಿಡಿಯೋ ಬಹಿಯಾ ಕಡಲ ತೀರದಲ್ಲಿ ತೆಗೆದದ್ದು. ಅದರಲ್ಲಿ ಕುಣಿಯುವ ಆ ಪುಟ್ಟ ಹುಡುಗ, ಹುಡುಗಿ ನೆನಪಿದ್ದಾರಲ್ಲ? ನನ್ನ ಪ್ರಕಾರ ಅರ್ಧ ಗೆಲುವು ಆ ಮಕ್ಕಳದ್ದು. ದೊಡ್ಡವರು ಹಾಗೆ ಅಂಟಿಕೊಂಡು ಕುಣಿಯುವುದನ್ನು ಮನೆಮಂದಿಯೆಲ್ಲ ಕೂತು ನೋಡುವುದು ಕಷ್ಟ, ಮಕ್ಕಳು ಬಂದ ಕೂಡಲೇ ಅಜ್ಜಿಯೂ ನೋಡಬಹುದಾದ ಹಾಡಾಯಿತು.

ತರ್ಲೆತಮ್ಮಯ್ಯ

ಬ್ರೆಜಿಲಿನಲ್ಲಿ ಸರ್ಕಾರವೇ ಈ ಕುಣಿತವನ್ನು ಹಿಂದೆ ನಿಷೇಧ ಮಾಡಿತ್ತು ಅಂತ ನಮ್ಮ ಮಾವ ಹೇಳುತ್ತಿದ್ದರು. ‘ನಿಷೇಧ ಆದ ಕುಣಿತ ಕಣೋ’ ಅಂತ ಬಾಗಿಲು ಹಾಕಿಕೊಂಡು ಕ್ಯಾಸೆಟ್ ಹಾಕುತ್ತಿದ್ದರು.

ಗೆಜ್ಜೆಕಾಲು

ಮಾವನಿಗೆ ಹೇಳಿ, ಅದು ವ್ಯಾಪಾರದ ಮಾತು. 1930ರ ದಶಕದಲ್ಲಿ ನಿಷೇಧ ಆಗಿತ್ತು ಅಂತ ಕತೆ ಕಟ್ಟುತ್ತಾರೆ. ಲಂಬಾಡಾ ಅನ್ನುವ ಹೆಸರೇ ಡಿಸ್ಕ್ ಮೇಲೆ ಬಂದದ್ದು 1976ರಲ್ಲಿ. ಹುಟ್ಟದ ಕೂಸಿಗೆ ಕುಲಾವಿ ಹೊಲಿಸಿದರು ಅನ್ನುವುದನ್ನು ಕೇಳಿದ್ದೆ, ಹುಟ್ಟದ ಕೂಸಿಗೆ ಬೇಡಿ ಹಾಕಿದ್ದು ಇದೇ ಮೊದಲು.

ಬೆಂಚ್‌ಕೊನೆ

ಒಂದು ದಡ್ಡ ಪ್ರಶ್ನೆ. ‘ಅಳುತ್ತಾ ಹೋದಳು’ ಅಂದರೆ ಇದು ದುಃಖದ ಹಾಡಾ? ಇಷ್ಟು ಕುಣಿಸುತ್ತೆ!

ಬೆಟ್ಟದಕೊಳಲು

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ, ನನಗೆ ಈ ಹಾಡಿನಲ್ಲಿ ಜಾಸ್ತಿ ಇಷ್ಟವಾಗುವುದೇ ಇದು. ಹೌದು, ಬಿಟ್ಟು ಹೋದ ಪ್ರೀತಿಯ ಹಾಡು. ಬೊಲಿವಿಯಾದ ಹಾಡಿನಲ್ಲಿ ಅವಳು ಅಳುತ್ತಾ ಹೋಗುತ್ತಾಳೆ, ಇವನು ಒಂಟಿಯಾಗಿ ಉಳಿಯುತ್ತಾನೆ. ಇಬ್ಬರಿಗೂ ನೋವು. ಪೋರ್ಚುಗೀಸ್‌ಗೆ ಬಂದಾಗ ಮಾತು ಸ್ವಲ್ಪ ತಿರುಗಿಕೊಂಡಿತು. ಅಲ್ಲಿ ಮೊದಲ ಸಾಲಿನ ಅರ್ಥ, ಒಂದು ಕಾಲದಲ್ಲಿ ನನ್ನನ್ನು ಅಳಿಸಿದವರು ಈಗ ತಾವೇ ಅಳುತ್ತಾ ಹೋದರು ಅಂತ. ಗೊತ್ತಾಯ್ತಲ್ವಾ? ಗೋಳು ಇದ್ದದ್ದು ಗುದ್ದಾಯಿತು. ಕುಣಿಯುವುದಕ್ಕೆ ಈ ಎರಡನೆಯದೇ ಸರಿ ಅನಿಸುತ್ತೆ ನನಗೆ.

ಟ್ಯೂನ್ ಒಳಗೂ ದುಃಖ ಹಾಗೇ ಉಳಿದಿದೆ. ಸ್ವರಗಳು ನಮ್ಮ ನಠಭೈರವಿ ಮೇಳಕ್ಕೆ ಹತ್ತಿರ. ಸಾಲು ಮೇಲೆ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿಯುತ್ತೆ, ನಿಟ್ಟುಸಿರು ಬಿಟ್ಟ ಹಾಗೆ. ಅದೇ ಸಾಲನ್ನು ಸಾವಕಾಶ ಊದಿದರೆ ಕಣ್ಣು ತೇವ ಆಗುತ್ತೆ. ಕೆಳಗೆ ತಾಳ ಓಡಿಸಿದರೆ ಕಾಲು ಏಳುತ್ತೆ. ಹಳೇಕ್ಯಾಸೆಟ್ ಸರ್ ಕೀಬೋರ್ಡಿನವರು, ಮಾಡಿ ನೋಡಲಿ.

ಕರಿಹಲಗೆ

ಸರಿ, ಸುಳ್ಳು ಹೆಸರಿನ ವಿಷಯ ನಾನು ಒಪ್ಪಿಕೊಂಡೆ. ಈಗ ನನ್ನ ಎರಡನೇ ಬಾಣ ತಗೊಳ್ಳಿ. ಕಾರ್ಕಾಸ್ ತಂಡ ತಮ್ಮ ಹಾಡಿನ ನಡೆಗೆ ‘ಸಾಯಾ’ ಅಂತ ಹೆಸರು ಹೇಳುತ್ತಿತ್ತು ಅಲ್ವಾ? ಆ ಸಾಯಾ ಯಾರದ್ದು? ಎರ್ಮೋಸಾ ಸಹೋದರರ ಅಪ್ಪನ ಮನೆದಾ?

ಬೆಟ್ಟದಕೊಳಲು

ಬಾಣ ಸರಿಯಾದ ಜಾಗಕ್ಕೇ ಬಿತ್ತು. ಇದನ್ನು ನಾನೇ ಬರೆಯಬೇಕಿತ್ತು, ಕಾರ್ಕಾಸ್ ಮೇಲಿನ ಅಭಿಮಾನಕ್ಕೆ ಬಿಟ್ಟೆ ಅಂತ ಕಾಣುತ್ತೆ.

ಸಾಯಾ ಬೊಲಿವಿಯಾದ ಕಪ್ಪು ಜನರದ್ದು. ಸ್ಪೇನಿನವರು ಆಫ್ರಿಕಾದಿಂದ ಗುಲಾಮರನ್ನು ತಂದು ಪೊತೊಸಿಯ ಬೆಳ್ಳಿ ಗಣಿಗೆ ದುಡಿಸಿದರು. ಆಮೇಲೆ ಯುಂಗಾಸ್ ಕಣಿವೆಯ ಕೋಕಾ ತೋಟಗಳಿಗೆ ಹಾಕಿದರು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತೂ ಕೊರೊಯಿಕೊ ಹತ್ತಿರದ ತೊಕಾನ್ಯಾದಂಥ ಊರುಗಳಲ್ಲಿದ್ದಾರೆ. ಅವರ ಸಾಯಾದಲ್ಲಿ ಚರಾಂಗೊ ಇಲ್ಲ, ಸಂಪೋನ್ಯಾ ಇಲ್ಲ. ಚಿಕ್ಕದು ದೊಡ್ಡದು ಡೋಲುಗಳು, ಗೀರಿ ನುಡಿಸುವ ಬಿದಿರು, ಮುಂದೆ ನಡೆಸುವವನ ಕಾಲಿಗೆ ಗೆಜ್ಜೆ. ಒಬ್ಬರು ಸಾಲು ಹೇಳಿದರೆ ಉಳಿದವರು ತಿರುಗಿ ಹೇಳುತ್ತಾರೆ, ನಮ್ಮ ಸೋಬಾನೆ ಹಾಗೇ.

ಕಾರ್ಕಾಸ್ ನುಡಿಸಿದ್ದು ಅಸಲಿಗೆ ಕಪೊರಾಲೆಸ್ ಅನ್ನುವ ಮೆರವಣಿಗೆ ಕುಣಿತದ ನಡೆ. ಅದು ಹಳೆಯದೂ ಅಲ್ಲ, 1969ರ ಹೊತ್ತಿಗೆ ಲಾ ಪಾಸ್ ನಗರದಲ್ಲಿ ಹುಟ್ಟಿದ್ದು. ಕಪೊರಾಲ್ ಅಂದರೆ ಗುಲಾಮರ ಮೇಲೆ ಚಾಟಿ ಹಿಡಿದು ನಿಂತಿದ್ದ ಮೇಸ್ತ್ರಿ. ಕುಣಿಯುವವರು ಆ ಮೇಸ್ತ್ರಿಯ ವೇಷ ಹಾಕುತ್ತಾರೆ, ಬೂಟಿನ ತುಂಬ ದೊಡ್ಡ ಗೆಜ್ಜೆ. ಏಟು ತಿಂದವರ ತಾಳ, ಏಟು ಕೊಟ್ಟವನ ವೇಷ. ಇದನ್ನೇ ‘ಸಾಯಾ’ ಅಂತ ಕರೆದದ್ದಕ್ಕೆ ಯುಂಗಾಸ್‌ನ ಜನ, ‘ಅದು ನಮ್ಮ ಸಾಯಾ ಅಲ್ಲ, ನಮ್ಮ ಹೆಸರನ್ನು ಬಿಟ್ಟುಕೊಡಿ’ ಅಂತ ವರ್ಷಗಟ್ಟಲೆ ಹೇಳಿದರು. 1980ರ ದಶಕದಲ್ಲಿ ಸಾಯಾವನ್ನೇ ಮುಂದಿಟ್ಟುಕೊಂಡು ಅವರ ಚಳವಳಿ ಎದ್ದಿತು. ಡೋಲು ಬಾರಿಸಿಕೊಂಡೇ ‘ನಾವೂ ಇದ್ದೇವೆ’ ಅಂದರು. 2009ರ ಸಂವಿಧಾನದಲ್ಲಿ ಆಫ್ರೋ-ಬೊಲಿವಿಯನ್ನರು ಅಂತ ಅವರ ಹೆಸರು ಸೇರಿತು.

ಗೆಜ್ಜೆಕಾಲು

ತಡೀರಿ. ಅಲ್ಲಿ ಚಾಟಿ ಹಿಡಿದ ಮೇಸ್ತ್ರಿಯ ಕುಣಿತ. ಇಲ್ಲಿ ಲಂಬಾಡಾ ಅಂದರೆ ಚಾಟಿ ಏಟು. ಎರಡಕ್ಕೂ ಸಂಬಂಧ ಇಲ್ಲ, ಪದ ಬೇರೆ ಕಡೆಯಿಂದ ಬಂದದ್ದು ಅಂತ ಗೊತ್ತು. ಆದರೂ ಮೈ ಜುಂ ಅಂತು.

ಕರಿಹಲಗೆ

ನಾನು ಹೇಳಿದ್ದು ಇದನ್ನೇ. ಕಳ್ಳನ ಮನೆಗೆ ಕಳ್ಳ ಹೊಕ್ಕ ಅಂದ ಹಾಗೆ ಆಯ್ತಲ್ಲ.

ರಾಯಲ್ಟಿರಗಳೆ

ಅಲ್ಲ, ಅದು ಜಾಸ್ತಿಯಾಯ್ತು. ಎರ್ಮೋಸಾ ಸಹೋದರರು ತಾಳದ ನಡೆ ತಗೊಂಡರು, ಟ್ಯೂನ್ ಮತ್ತು ಮಾತು ತಾವೇ ಕಟ್ಟಿದರು. ಲೋರ್ಸಾಕ್ ಟ್ಯೂನನ್ನೂ ಮಾತನ್ನೂ ಎತ್ತಿಕೊಂಡು ಹೆಸರು ಅಳಿಸಿದ. ಎರಡೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಆದರೆ ನಿಮ್ಮ ಮಾತಲ್ಲಿ ಒಂದು ಮುಳ್ಳಿದೆ, ಅದನ್ನು ಒಪ್ಪುತ್ತೇನೆ. ಕಾನೂನು ಟ್ಯೂನಿಗೆ ಹಕ್ಕು ಕೊಡುತ್ತೆ, ತಾಳಕ್ಕೆ ಕೊಡಲ್ಲ. ಗೇಮಾದಲ್ಲಿ ನೋಂದಾಯಿಸಲು ತೊಕಾನ್ಯಾದ ಊರಿನವರ ಹತ್ತಿರ ಏನಿತ್ತು? ಬರೆದವರು ಯಾರು ಅಂತ ಅರ್ಜಿಯಲ್ಲಿ ಕೇಳಿದರೆ ಊರಿಗೆ ಊರೇ ಸಹಿ ಹಾಕಲು ಆಗುತ್ತಾ? ಬ್ರೆಜಿಲ್ 2014ರಲ್ಲಿ ಕರಿಂಬೊವನ್ನು ದೇಶದ ಸಾಂಸ್ಕೃತಿಕ ಪರಂಪರೆ ಅಂತ ಅಧಿಕೃತವಾಗಿ ದಾಖಲಿಸಿತು. ಗೌರವ ಸಿಕ್ಕಿತು. ಕಾಸು ಬೇರೆ ಮಾತು.

ಹಳೇಕ್ಯಾಸೆಟ್

ಎಲ್ಲ ಓದಿದೆ. ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ, ಕಾರಣ ಹಾಡಲ್ಲ, ಒಂದು ಹಳೇ ವಿಷಯ.

ಆ ದಿನಗಳಲ್ಲಿ ನಾನು ಒಂದು ಟ್ಯೂನ್ ಮಾಡಿದ್ದೆ. ಡೊಳ್ಳಿನ ಗತ್ತು ಇಟ್ಟುಕೊಂಡು, ನಮ್ಮ ಅತ್ತೆ ಬೀಸುವಾಗ ಗುನುಗುತ್ತಿದ್ದ ಒಂದು ಪದದ ಜಾಡು ಹಿಡಿದು. ಕಾರ್ಯಕ್ರಮಗಳಲ್ಲಿ ನುಡಿಸುತ್ತಿದ್ದೆವು. ಒಬ್ಬ ಕ್ಯಾಸೆಟ್ ಕಂಪನಿಯವರು ಕೇಳಿ, ಚೆನ್ನಾಗಿದೆ ಅಂದರು, ಆರು ತಿಂಗಳಿಗೆ ಅದು ಬೇರೆಯವರ ದನಿಯಲ್ಲಿ ಹೊರಗೆ ಬಂತು. ಕವರ್ ಮೇಲೆ ಸಂಗೀತ: ಜನಪದ ಅಂತ ಇತ್ತು. ಕೇಳಲು ಹೋದರೆ ‘ಅದು ಜನಪದ ಅಲ್ವಾ, ನಿಮ್ಮದು ಹೇಗಾಗುತ್ತೆ’ ಅಂದರು. ಮೂವತ್ತು ವರ್ಷ ನಾನು ಆ ಸಿಟ್ಟನ್ನು ಜೇಬಲ್ಲೇ ಇಟ್ಟುಕೊಂಡಿದ್ದೆ.

ಇವತ್ತು ಇದನ್ನೆಲ್ಲ ಓದಿದ ಮೇಲೆ ಮೊದಲ ಸಲ ಅತ್ತೆ ನೆನಪಾದಳು. ಅವಳ ಪದದ ಜಾಡು ಹಿಡಿದೆ ಅಂತ ಮೇಲೆ ಸಲೀಸಾಗಿ ಬರೆದೆನಲ್ಲ, ಅವಳಿಗೆ ನಾನು ಒಂದು ದಿನವೂ ಹೇಳಿರಲಿಲ್ಲ. ಕಾರ್ಯಕ್ರಮದಲ್ಲಿ ಅನೌನ್ಸ್ ಮಾಡುವಾಗ ‘ನನ್ನ ಸ್ವಂತ ಸಂಯೋಜನೆ’ ಅನ್ನುತ್ತಿದ್ದೆ.

ಬೆಂಚ್‌ಕೊನೆ

ಸರ್, ಅತ್ತೆ ಈಗ?

ಹಳೇಕ್ಯಾಸೆಟ್

ಇಲ್ಲ. 2003ರಲ್ಲಿ ಹೋದರು. ಆ ಪದ ಅವರಿಗೆ ಎಲ್ಲಿಂದ ಬಂತೋ ಕೇಳಲೂ ಇಲ್ಲ.

ತರ್ಲೆತಮ್ಮಯ್ಯ

ನಾನು ತರ್ಲೆ ಮಾಡಬೇಕು ಅಂತ ಬಂದಿದ್ದೆ, ಬಿಡಿ. ಸರ್, ಆ ಟ್ಯೂನ್ ನಿಮಗಿನ್ನೂ ನೆನಪಿದ್ದರೆ ನುಡಿಸಿ ಇಲ್ಲಿ ಹಾಕಿ. ಈ ಸಲ ಅತ್ತೆ ಹೆಸರು ಹಾಕೋಣ.

ಗೆಜ್ಜೆಕಾಲು

ಹಾಡಿದವರ ವಿಷಯ ಯಾರೂ ಬರೆಯಲಿಲ್ಲ. ಲೊಆಲ್ವಾ ಬ್ರಾಸ್ ಹುಟ್ಟಿದ್ದು ರಿಯೊದಲ್ಲಿ. ಲಂಬಾಡಾ ನಂತರವೂ ಹಾಡುತ್ತಿದ್ದರು, ಆದರೆ ಜನ ಕೇಳುತ್ತಿದ್ದದ್ದು ಅದೊಂದನ್ನೇ. ಕೊನೆಗೆ ರಿಯೊ ರಾಜ್ಯದ ಸಾಕ್ವರೆಮಾ ಅನ್ನುವ ಊರಿನಲ್ಲಿ ಒಂದು ವಸತಿಗೃಹ ನಡೆಸುತ್ತಿದ್ದರು. 2017ರ ಜನವರಿಯಲ್ಲಿ ದರೋಡೆಕೋರರು ಕೊಂದುಬಿಟ್ಟರು. ಆ ಸುದ್ದಿ ಬಂದ ದಿನ ಕ್ಲಾಸಿನಲ್ಲಿ ನಾನು ಈ ಹಾಡು ಹಾಕಲಿಲ್ಲ.

ಮತ್ತೆ ಕುಣಿತ ಸತ್ತಿತು ಅಂದುಕೊಳ್ಳಬೇಡಿ. ಹಾಡಿನ ಅಲೆ ಇಳಿದ ಮೇಲೆ ಬ್ರೆಜಿಲಿನ ಲಂಬಾಡಾ ಕುಣಿಯುವವರಿಗೆ ಹೊಸ ಹಾಡುಗಳು ಸಿಗಲಿಲ್ಲ. ಕೆರಿಬಿಯನ್‌ನ ಜೂಕ್ ಹಾಡುಗಳನ್ನು ಹಾಕಿಕೊಂಡು ಅದೇ ಹೆಜ್ಜೆಗಳನ್ನು ನಿಧಾನ ಮಾಡಿದರು. ಅದೇ ಈಗ ಬ್ರೆಜಿಲಿಯನ್ ಜೂಕ್ ಅಂತ ಎಷ್ಟೋ ದೇಶಗಳಲ್ಲಿ ಕಲಿಸುತ್ತಾರೆ. ಹಾಡು ಹೋಯಿತು, ಕಾಲು ಉಳಿಯಿತು.

ಕರಿಹಲಗೆ

ಹಿಂದಿಯಲ್ಲೂ ಇದೇ ಟ್ಯೂನ್ ಬಂತಲ್ಲ, 1990ರ ‘ಘಾಯಲ್’ ಸಿನಿಮಾದಲ್ಲಿ. ನಮ್ಮ ಕಡೆ ಎಷ್ಟೋ ಜನ ಮೊದಲು ಕೇಳಿದ್ದು ಅದನ್ನೇ ಇರಬೇಕು. ಅದಕ್ಕೆ ಯಾರ ಹೆಸರು ಹಾಕಿದ್ದರೋ ಅಂತ ನೋಡಲು ಹೋದರೆ ಇನ್ನೊಂದು ಜಗಳ ಶುರುವಾಗುತ್ತೆ, ಇವತ್ತಿಗೆ ಬೇಡ.

ಹಳೇಕ್ಯಾಸೆಟ್

ಬೆಟ್ಟದಕೊಳಲು ಸರ್, ಕೊನೆಯದಾಗಿ ಒಂದು ಕೇಳಲಾ? ಆ ಸಂಪೋನ್ಯಾ ಮನೆಯಲ್ಲಿ ಮಾಡಿಕೊಳ್ಳಬಹುದಾ? ಕೀಬೋರ್ಡಿನಲ್ಲಿ ಆ ಶಬ್ದ ಇಟ್ಟು ನುಡಿಸಿದೆ, ಉಸಿರೇ ಇಲ್ಲ.

ಬೆಟ್ಟದಕೊಳಲು

ಧಾರಾಳವಾಗಿ. ವೈರಿಂಗ್‌ಗೆ ಹಾಕುವ ತೆಳ್ಳನೆ ಪಿವಿಸಿ ಪೈಪ್ ಸಾಕು. ಒಂದು ತುದಿ ಬೆಂಡಿನಿಂದ ಮುಚ್ಚಿ. ಮುಚ್ಚಿದ ಕೊಳವೆಯಲ್ಲಿ ಶಬ್ದದ ಅಲೆಯ ಕಾಲು ಭಾಗ ಕೂರುತ್ತೆ, ಹಾಗಾಗಿ 440 ಹರ್ಟ್ಸ್ ಬೇಕಾದರೆ ಒಳಗಿನ ಉದ್ದ ಸುಮಾರು 19 ಸೆಂಟಿಮೀಟರ್. ಒಂಚೂರು ಉದ್ದವೇ ಕತ್ತರಿಸಿ, ಆಮೇಲೆ ಬೆಂಡನ್ನು ಒಳಗೆ ತಳ್ಳಿ ಶ್ರುತಿ ಮಾಡಿ. ಬಾಟಲಿ ಬಾಯಿಗೆ ಊದಿದ ಹಾಗೆ ಅಡ್ಡ ಊದಬೇಕು.

ಆದರೆ ಒಂದು ವಿಷಯ. ಹಳೇ ಪದ್ಧತಿಯಲ್ಲಿ ಇದನ್ನು ಒಬ್ಬರೇ ನುಡಿಸಲ್ಲ. ಸ್ವರಗಳನ್ನು ಇಬ್ಬರಿಗೆ ಹಂಚಿರುತ್ತಾರೆ, ಒಬ್ಬರಿಗೆ ಆರು ಕೊಳವೆ, ಇನ್ನೊಬ್ಬರಿಗೆ ಏಳು. ಒಂದು ಸ್ವರ ನಿಮ್ಮದು, ಮುಂದಿನದು ಅವರದ್ದು. ಇಬ್ಬರೂ ಇದ್ದರೇ ಒಂದು ಸಾಲು ಪೂರ್ತಿಯಾಗುವುದು. ಮನೆಯಲ್ಲಿ ಜೊತೆಗೆ ಯಾರಾದರೂ ಇದ್ದಾರಾ?

ಹಳೇಕ್ಯಾಸೆಟ್

ಮಗಳಿದ್ದಾಳೆ. ಹದಿಮೂರು ಕೊಳವೆ ಕತ್ತರಿಸಿ ಆಯಿತು, ನನಗೆ ಏಳು, ಅವಳಿಗೆ ಆರು. ಮೊದಲ ಸಾಲಿನ ಮೂರು ಸ್ವರ ಬರುತ್ತಿದೆ. ನಾಲ್ಕನೆಯದು ಅವಳ ಹತ್ತಿರ ಇದೆ, ಅವಳು ನಗುತ್ತಾ ಕೂತಿದ್ದಾಳೆ, ಊದುತ್ತಿಲ್ಲ.